ಕಾಲೇಜಿನವರು ಊರಿಗೆ ಬರಲಿ, ಆದರೆ ಒಂದು ಕೊಂಡಿ ಬಿಟ್ಟು ಹೋಗಲಿ

ಕಾಲೇಜಿನವರು ಊರಿಗೆ ಬಂದು ಹೋದ ಮೇಲೆ ಕಟ್ಟೆಯ ಮೇಲೆ ಏನು ಮಾತು ನಡೆಯುತ್ತದೆ ಅಂತ ನಿಮಗೂ ಗೊತ್ತು. "ಬಂದ್ರು, ಬರಕೊಂಡ್ರು, ಫೋಟೋ ಹೊಡಕೊಂಡ್ರು, ಹೋದ್ರು." ಮಕ್ಕಳ ಮೇಲೆ ಯಾರಿಗೂ ಸಿಟ್ಟಿಲ್ಲ. ಏಳು ದಿನ ಶಾಲೆಯ ಕೋಣೆಯಲ್ಲಿ ಮಲಗಿ, ಬೆಳಿಗ್ಗೆ ಎದ್ದು ಗಟಾರ ಸ್ವಚ್ಛ ಮಾಡಿ, ಸಂಜೆ ನಾಟಕ ಆಡಿದ ಮಕ್ಕಳನ್ನು ಊರು ಮೆಚ್ಚಿಕೊಂಡೇ ಕಳಿಸಿರುತ್ತದೆ. ಬೇಸರ ಇರುವುದು ಆಮೇಲಿನದರ ಬಗ್ಗೆ. ಬರೆದುಕೊಂಡು ಹೋದದ್ದು ಏನಾಯಿತು? ನೆಟ್ಟ ಸಸಿಗೆ ನೀರು ಯಾರು ಹಾಕಬೇಕು? ಮುಂದಿನ ವರ್ಷ ಬರುತ್ತಾರೋ ಇಲ್ಲವೋ? ಕೇಳೋಣ ಎಂದರೆ ಯಾರನ್ನು ಕೇಳುವುದು?

ಆ ಕೊನೆಯ ಪ್ರಶ್ನೆಗೆ ಉತ್ತರ ಇಲ್ಲದ್ದರಿಂದಲೇ ಮೊದಲಿನ ಮೂರೂ ಪ್ರಶ್ನೆ ಹುಟ್ಟುತ್ತವೆ ಎಂಬುದು ನನ್ನ ಅಭಿಪ್ರಾಯ. ಕಾಲೇಜಿಗೂ ಊರಿಗೂ ನಡುವೆ ಪತ್ರ ಇದೆ, ಬ್ಯಾನರ್ ಇದೆ, ಉದ್ಘಾಟನೆ ಇದೆ, ಸಮಾರೋಪ ಇದೆ. ವರ್ಷವಿಡೀ ಫೋನ್ ಎತ್ತುವ ಒಬ್ಬ ಮನುಷ್ಯ ಇಲ್ಲ.

ಅದಕ್ಕೆ ನನ್ನ ಸಲಹೆ ಇಷ್ಟು. ಕಾಲೇಜು ಯಾವ ಊರಿಗೆ ಬರುತ್ತದೋ, ಯಾವ ಸ್ವಯಂಸೇವಾ ಸಂಸ್ಥೆಯ ಜೊತೆ ಕೆಲಸ ಮಾಡುತ್ತದೋ, ಆ ಊರಿಗೆ, ಆ ಸಂಸ್ಥೆಗೆ ಅಂತಲೇ ವಿದ್ಯಾರ್ಥಿಗಳನ್ನು ಹೆಸರು ಹಿಡಿದು ನೇಮಿಸಬೇಕು. ಶಿಬಿರಕ್ಕೆ ಮೊದಲು ಬರುವವರೂ ಅವರೇ, ಶಿಬಿರ ಮುಗಿದ ಮೇಲೆ ಬರುವವರೂ ಅವರೇ. ಇಲ್ಲಿ ಅವರನ್ನು ‘ಕೊಂಡಿ ವಿದ್ಯಾರ್ಥಿ’ ಎಂದು ಕರೆಯುತ್ತೇನೆ.

ಯೋಜನೆಗಳಿಗೆ ಬರ ಇಲ್ಲ

ಕಾಲೇಜನ್ನು ಊರಿಗೆ ಕಳಿಸುವ ಯೋಜನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಹಳೆಯದು, ಎಲ್ಲರಿಗೂ ಗೊತ್ತಿರುವುದು ಎನ್‌ಎಸ್‌ಎಸ್. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಇದು ಶುರುವಾಯಿತು. ಸೇರಿದ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಬೇಕು. ಇದರ ಜೊತೆಗೆ ಒಂದು ಊರಲ್ಲಿ ಏಳು ದಿನದ ವಿಶೇಷ ಶಿಬಿರ.

2014ರಲ್ಲಿ ಕೇಂದ್ರ ಸರ್ಕಾರ ‘ಉನ್ನತ ಭಾರತ ಅಭಿಯಾನ’ ತಂದಿತು. ದೆಹಲಿಯ ಐಐಟಿ ಇದನ್ನು ದೇಶಮಟ್ಟದಲ್ಲಿ ನಡೆಸುತ್ತದೆ. ಸೇರಿದ ಪ್ರತಿ ಕಾಲೇಜು ಕನಿಷ್ಠ ಐದು ಹಳ್ಳಿಗಳನ್ನು ದತ್ತು ತೆಗೆದುಕೊಂಡು, ಮನೆಮನೆ ಸಮೀಕ್ಷೆ ಮಾಡಿ, ಊರಿನ ಸಮಸ್ಯೆಗೆ ದಾರಿ ಹುಡುಕಬೇಕು. ಯುಜಿಸಿ ರೂಪಿಸಿದ ಸಮುದಾಯ ಸಹಭಾಗಿತ್ವದ ಕೋರ್ಸೂ ಇದೆ. ಎರಡು ಕ್ರೆಡಿಟ್, 30 ಗಂಟೆ, ಅದರಲ್ಲಿ ಅರ್ಧದಷ್ಟಾದರೂ ತರಗತಿಯ ಹೊರಗೆ, ಜನರ ನಡುವೆ ನಡೆಯಬೇಕು. ಎಂಎಸ್‌ಡಬ್ಲ್ಯು ಓದುವವರು ಸಂಸ್ಥೆಗಳಿಗೆ ಹೋಗುತ್ತಾರೆ, ಕೃಷಿ ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು ಹಳ್ಳಿಯಲ್ಲೇ ಬಂದು ಇರುತ್ತಾರೆ. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್‌ಗೆ ಎಂದೇ ಗದಗದಲ್ಲಿ ಒಂದು ವಿಶ್ವವಿದ್ಯಾಲಯ ಇದೆ.

ಓದಿನ ಭಾಗವಾಗಿ ಸೇವೆ ಮಾಡುವುದು, ಸೇವೆ ಮಾಡುತ್ತ ಕಲಿಯುವುದು. ಇದಕ್ಕೆ ‘ಸೇವಾ ಕಲಿಕೆ’ ಅನ್ನುತ್ತಾರೆ. ಉದ್ದೇಶದಲ್ಲಿ ತಪ್ಪಿಲ್ಲ. ಆದರೆ ‘ದತ್ತು’ ಎಂಬ ಮಾತನ್ನು ಸ್ವಲ್ಪ ನೋಡಿ. ನಮ್ಮಲ್ಲಿ ಮಗುವನ್ನು ದತ್ತು ತೆಗೆದುಕೊಂಡವರು ಅದು ಉಂಡಿತೋ ಇಲ್ಲವೋ ಅಂತ ದಿನಾ ನೋಡುತ್ತಾರೆ. ಊರನ್ನು ದತ್ತು ತೆಗೆದುಕೊಂಡವರು ವರ್ಷಕ್ಕೆ ಎಷ್ಟು ಸಲ ಬರುತ್ತಾರೆ?

ಕಾಲೇಜಿನ ಕಡೆಯಿಂದ ಇದನ್ನೆಲ್ಲ ನೋಡಿಕೊಳ್ಳುವುದು ಒಬ್ಬ ಉಪನ್ಯಾಸಕರು. ಪಾಠ, ಪರೀಕ್ಷೆ, ಮೌಲ್ಯಮಾಪನ, ದಾಖಲಾತಿ ಕೆಲಸದ ಜೊತೆ ಇದೂ ಒಂದು. ವರ್ಗವಾದರೆ ಹೊಸಬರು ಬರುತ್ತಾರೆ, ಅವರಿಗೆ ಊರಿನ ದಾರಿಯೂ ಗೊತ್ತಿರುವುದಿಲ್ಲ. ವಿದ್ಯಾರ್ಥಿಗಳು ಮೂರು ವರ್ಷಕ್ಕೆ ಪದವಿ ಮುಗಿಸಿ ಹೋಗುತ್ತಾರೆ. ಊರು ಮಾತ್ರ ಇದ್ದಲ್ಲೇ ಇರುತ್ತದೆ, ಪ್ರತಿ ಸಲ ಮೊದಲಿನಿಂದ ಕಥೆ ಹೇಳುತ್ತ.

ಯಾರು ಯಾರಿಗೆ ಸೇವೆ ಮಾಡಿದ್ದು?

ಒಂದು ಲೆಕ್ಕ ಹಾಕೋಣ. ಒಂದು ಊರಲ್ಲಿ 200 ಮನೆ ಅಂದುಕೊಳ್ಳಿ. ಸಮೀಕ್ಷೆಗೆ ಬಂದವರು ಮನೆಗೆ 40 ನಿಮಿಷ ಕೂತು ಕೇಳಿದರು. ಎಷ್ಟು ಜನ, ಎಷ್ಟು ಎಕರೆ, ಎಷ್ಟು ದನ, ನೀರು ಎಲ್ಲಿಂದ, ಶೌಚಾಲಯ ಇದೆಯೋ, ಸಾಲ ಎಷ್ಟು. ಒಟ್ಟು 8,000 ನಿಮಿಷ, ಅಂದರೆ ಸುಮಾರು 133 ಗಂಟೆ. ಒಬ್ಬ ಎನ್‌ಎಸ್‌ಎಸ್ ವಿದ್ಯಾರ್ಥಿ ಇಡೀ ವರ್ಷ ಮಾಡಬೇಕಾದ ಸೇವೆಗಿಂತ ಹೆಚ್ಚು ಸಮಯವನ್ನು ಊರು ಕೂತಲ್ಲೇ ಕಾಲೇಜಿಗೆ ಕೊಟ್ಟಿತು. ಅದೂ ಕೂಲಿಗೆ ಹೋಗುವ ಹೊತ್ತಿನಲ್ಲಿ, ಒಲೆಯ ಮೇಲೆ ಅನ್ನ ಇಟ್ಟ ಹೊತ್ತಿನಲ್ಲಿ.

ಕೊಟ್ಟದ್ದಕ್ಕೆ ಬೇಸರ ಇಲ್ಲ. ಆ ಹಾಳೆಗಳು ಮತ್ತೆ ಊರಿಗೆ ಬರುವುದಿಲ್ಲ ಎಂಬುದೇ ಬೇಸರ. "ನಿಮ್ಮೂರಲ್ಲಿ ಇಷ್ಟು ಮನೆಗೆ ನಲ್ಲಿ ಇದ್ದರೂ ನೀರು ಬರ್ತಿಲ್ಲ, ಇಷ್ಟು ಹೆಣ್ಣುಮಕ್ಕಳು ಹತ್ತನೇ ತರಗತಿಗೆ ಶಾಲೆ ಬಿಟ್ಟಿದ್ದಾರೆ" ಅಂತ ಒಂದು ಪುಟ ಬರೆದು ಗ್ರಾಮ ಸಭೆಯಲ್ಲಿ ಓದಿದ್ದರೆ ಅದು ಊರಿನ ಕೈಗೆ ಆಯುಧ ಆಗುತ್ತಿತ್ತು. ಪಿಡಿಒ ಮುಂದೆ ಇಡಬಹುದಿತ್ತು. ಈಗ ಅದು ಕಾಲೇಜಿನ ಕಪಾಟಿನಲ್ಲಿ ಇರುತ್ತದೆ. ನ್ಯಾಕ್ ತಂಡ ಬಂದಾಗ ತೋರಿಸಲು ಹೊರಗೆ ಬರುತ್ತದೆ.

ಸಂಸ್ಥೆಗಳ ಕಷ್ಟ ಬೇರೆ ಥರ. ತಾಲ್ಲೂಕು ಮಟ್ಟದಲ್ಲಿ ಕೆಲಸ ಮಾಡುವ ಸ್ವಯಂಸೇವಾ ಸಂಸ್ಥೆ ಎಂದರೆ ದೊಡ್ಡ ಕಟ್ಟಡ ನೆನೆಸಿಕೊಳ್ಳಬೇಡಿ. ಎರಡು ಕೋಣೆ, ಮೂರು ಜನ, ಒಂದು ಹಳೆಯ ಬೈಕು. ಅಂಗವಿಕಲ ಮಕ್ಕಳ ಜೊತೆ ಕೆಲಸ ಮಾಡುವ ಇಂಥ ಒಂದು ಸಂಸ್ಥೆಯ ಕಾರ್ಯಕರ್ತೆ ಹೇಳಿದ್ದು: "ಹೊಸ ಬ್ಯಾಚ್ ಬಂದಾಗೆಲ್ಲ ಒಂದು ದಿನ ಅವರಿಗೆ ಹೇಳೋದ್ರಾಗ ಹೋಗ್ತದ ಸರ. ಮಗೂನ್ನ ಹೆಂಗ ಎತ್ತಬೇಕು, ಏನು ಕೇಳಬಾರದು, ಫೋಟೋ ತೆಗೀಬಾರದು ಅಂತ. ಅವರು ಕಲಿಯೋ ಹೊತ್ತಿಗೆ ಅವರ ದಿನ ಮುಗೀತದ. ಮತ್ತ ಹೊಸಬರು." ಆ ದಿನ ಚಿಕಿತ್ಸೆ ತಪ್ಪಿಸಿಕೊಂಡ ಮಗುವಿನ ಲೆಕ್ಕ ಯಾವ ಕಾಲೇಜಿನ ವರದಿಯಲ್ಲೂ ಬರುವುದಿಲ್ಲ.

ಪತ್ರಿಕೆಗೂ ಎರಡೇ ಸುದ್ದಿ ಬರುತ್ತವೆ, ಉದ್ಘಾಟನೆಯದು ಮತ್ತು ಸಮಾರೋಪದ್ದು. "ಶಿಬಿರ ಮುಗಿದು ಆರು ತಿಂಗಳಾಯಿತು, ಊರಲ್ಲಿ ಹೀಗಾಗಿದೆ" ಎಂಬ ಪ್ರಕಟಣೆ ಯಾವ ಕಾಲೇಜಿನಿಂದಲೂ ನನಗೆ ಬಂದಿಲ್ಲ.

ಕೊಂಡಿ ವಿದ್ಯಾರ್ಥಿ ಮಾಡಬೇಕಾದ ಕೆಲಸ

ಇದು ದೊಡ್ಡ ವಿದ್ಯೆಯ ಕೆಲಸ ಅಲ್ಲ. ಆದರೆ ಯಾರಾದರೂ ಒಬ್ಬರು ಮಾಡಲೇಬೇಕಾದ ಕೆಲಸ.

ಮೊದಲನೆಯದು, ಮುಂಚೆ ಬಂದು ಕೇಳುವುದು. ಶಿಬಿರಕ್ಕೆ ತಿಂಗಳ ಮೊದಲು ಪಂಚಾಯಿತಿಗೆ, ಸ್ತ್ರೀಶಕ್ತಿ ಸಂಘಕ್ಕೆ, ಸಂಜೀವಿನಿ ಒಕ್ಕೂಟಕ್ಕೆ, ಶಾಲೆಗೆ, ಕೇರಿಗೆ ಹೋಗಿ "ನಿಮಗೆ ಏನು ಬೇಕು?" ಅನ್ನುವುದು. ಹೀಗೆ ಕೇಳಿದ್ದರೆ ಬೇಸಿಗೆಯ ಬಾಯಲ್ಲಿ ಸಸಿ ನೆಡುತ್ತಿರಲಿಲ್ಲ. ಶಿಬಿರಗಳು ಬಹುಪಾಲು ಪರೀಕ್ಷೆಯ ಲೆಕ್ಕದಲ್ಲಿ ನಡೆಯುತ್ತವೆ, ಮಳೆಯ ಲೆಕ್ಕದಲ್ಲಿ ಅಲ್ಲ. ಹಾಗಾಗಿ ಫೆಬ್ರುವರಿಯಲ್ಲಿ ನೆಟ್ಟ ಗಿಡ ಯುಗಾದಿ ನೋಡುವುದಿಲ್ಲ. ಶೌಚಾಲಯದ ಮಹತ್ವದ ಬಗ್ಗೆ ಬೀದಿನಾಟಕ ನಡೆಯುತ್ತದೆ, ನೋಡುವವರ ಮನೆಯಲ್ಲಿ ಶೌಚಾಲಯ ಆಗಲೇ ಇರುತ್ತದೆ, ಅದಕ್ಕೆ ಸುರಿಯಲು ನೀರು ಇರುವುದಿಲ್ಲ. ಒಂದು ಸಲ ಬಂದು ಕೇಳಿದ್ದರೆ ನಾಟಕದ ವಿಷಯ ಬದಲಾಗುತ್ತಿತ್ತು.

ಎರಡನೆಯದು, ಎರಡೂ ಕಡೆಯ ಕ್ಯಾಲೆಂಡರ್ ಹೊಂದಿಸುವುದು. ಬಿತ್ತನೆ, ಸುಗ್ಗಿ, ಜಾತ್ರೆ ಒಂದು ಕಡೆ. ಇಂಟರ್ನಲ್ಸ್, ಸೆಮಿಸ್ಟರ್ ಪರೀಕ್ಷೆ ಇನ್ನೊಂದು ಕಡೆ. ವಾರಕ್ಕೊಮ್ಮೆ ಬರುತ್ತೇವೆ ಎಂದ ವಿದ್ಯಾರ್ಥಿಗಳು ಪರೀಕ್ಷೆ ಅಂತ ಹೇಳದೆ ನಿಂತುಬಿಟ್ಟರೆ, ಅರಿವು ಕೇಂದ್ರದಲ್ಲಿ ಓದಿಸುವವರಿಗಾಗಿ ಕಾದು ಕೂತ ಮಕ್ಕಳಿಗೆ ಏನು ಹೇಳುವುದು? ಹದಿನೈದು ದಿನ ಬರುವುದಿಲ್ಲ ಅಂತ ಒಂದು ಫೋನ್ ಸಾಕಿತ್ತು.

ಮೂರನೆಯದು, ಹೊಸದಾಗಿ ಬರುವ ಗೆಳೆಯರನ್ನು ತಯಾರು ಮಾಡುವುದು. ಸಂಸ್ಥೆಯ ಕಾರ್ಯಕರ್ತೆ ವರ್ಷಕ್ಕೆ ಐದು ಸಲ ಹೇಳುವ ಮಾತನ್ನು ಕೊಂಡಿ ವಿದ್ಯಾರ್ಥಿ ಕಾಲೇಜಿನಲ್ಲೇ ಹೇಳಿ ಕರೆತರಬಹುದು. ಯಾರ ಮನೆಯಲ್ಲಿ ಸಾವಾಗಿದೆ, ಯಾವ ಮನೆಯಲ್ಲಿ ಏನು ಕೇಳಬಾರದು, ಅನುಮತಿ ಇಲ್ಲದೆ ಯಾರ ಫೋಟೋ ತೆಗೆಯಬಾರದು. ಇವು ಪಠ್ಯದಲ್ಲಿ ಇರುವುದಿಲ್ಲ.

ನಾಲ್ಕನೆಯದು, ಬರೆದುಕೊಂಡದ್ದನ್ನು ತಂದು ಒಪ್ಪಿಸುವುದು. ಮನೆಯವರ ಹೆಸರು ಬಿಟ್ಟು, ಒಟ್ಟು ಲೆಕ್ಕ ಮಾತ್ರ, ಓದಿದರೆ ತಿಳಿಯುವ ಕನ್ನಡದಲ್ಲಿ, ಎರಡು ಪುಟ. ಒಂದು ಪ್ರತಿ ಪಂಚಾಯಿತಿಗೆ, ಒಂದು ಸಂಘಕ್ಕೆ, ಒಂದು ಅರಿವು ಕೇಂದ್ರದ ಗೋಡೆಗೆ.

ಐದನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಮುಂದಿನವರಿಗೆ ದಾಟಿಸುವುದು. ಕೊನೆಯ ವರ್ಷದ ಒಬ್ಬರು, ಮೊದಲ ಅಥವಾ ಎರಡನೇ ವರ್ಷದ ಒಬ್ಬರು, ಹೀಗೆ ಜೋಡಿ ಇರಲಿ. ಹಿರಿಯರು ಹೋಗುವ ಮುಂಚೆ ಕಿರಿಯರನ್ನು ಊರಿಗೆ ಕರೆತಂದು ಪರಿಚಯ ಮಾಡಿಸಿ, ಒಂದು ನೋಟ್‌ಬುಕ್ ಕೈಗೆ ಕೊಟ್ಟು ಹೋಗಲಿ. ಏನು ಮಾತು ಕೊಟ್ಟಿದ್ದೆವು, ಏನು ಮಾಡಿದೆವು, ಏನು ಬಾಕಿ ಇದೆ ಅಂತ ಅದರಲ್ಲಿ ಇರಲಿ. ಆಗ ಉಪನ್ಯಾಸಕರು ವರ್ಗವಾದರೂ ಊರಿನ ನೆನಪು ಕಾಲೇಜಿನಲ್ಲಿ ಉಳಿಯುತ್ತದೆ.

ಇದು ಹೊಸ ಮಾತೇನಲ್ಲ

ನಡೆಯುವುದೇ ಇಲ್ಲ ಅನ್ನುವವರು ಎಂಎಸ್‌ಡಬ್ಲ್ಯು ಪದ್ಧತಿ ನೋಡಲಿ. ನಮ್ಮ ದೇಶದಲ್ಲಿ ಸಮಾಜಕಾರ್ಯದ ಶಿಕ್ಷಣ 1936ರಲ್ಲಿ ಬಾಂಬೆಯ ಟಾಟಾ ಸಂಸ್ಥೆಯಿಂದ ಶುರುವಾಯಿತು. ಈ ಓದಿನಲ್ಲಿ ಕ್ಷೇತ್ರಕಾರ್ಯ ಎಂಬುದು ಮುಖ್ಯ ಭಾಗ. ವಿದ್ಯಾರ್ಥಿ ಸಾಮಾನ್ಯವಾಗಿ ವಾರಕ್ಕೆ ಎರಡು ದಿನ ಒಂದೇ ಸಂಸ್ಥೆಗೆ ಹೋಗುತ್ತಾರೆ. ಸಂಸ್ಥೆಯಲ್ಲಿ ಒಬ್ಬರು, ಕಾಲೇಜಿನಲ್ಲಿ ಒಬ್ಬರು ಮಾರ್ಗದರ್ಶಕರು ಇರುತ್ತಾರೆ, ಮಾಡಿದ್ದನ್ನು ಬರೆದು ತೋರಿಸಬೇಕು, ಅದಕ್ಕೆ ಅಂಕ ಇದೆ. ಒಂದೇ ಜಾಗಕ್ಕೆ ತಿಂಗಳುಗಟ್ಟಲೆ ಹೋದಾಗ ಅಲ್ಲಿನ ಮಕ್ಕಳು ಹೆಸರು ಹಿಡಿದು ಕರೆಯಲು ಕಲಿಯುತ್ತಾರೆ.

ಕೃಷಿ ಪದವಿಯ ಮಕ್ಕಳನ್ನೂ ನೋಡಿ. ಕೊನೆಯ ವರ್ಷದ ಕಾರ್ಯಾನುಭವಕ್ಕೆ ಊರಲ್ಲೇ ಬಂದು ಇದ್ದು, ರೈತರ ಹೊಲಕ್ಕೆ ಹೋಗುತ್ತಾರೆ. ಬೀಜೋಪಚಾರ ತೋರಿಸುತ್ತಾರೆ, ಮಣ್ಣು ಪರೀಕ್ಷೆಗೆ ಮಾದರಿ ತೆಗೆಯುವುದು ಹೇಗೆ ಅಂತ ಹೇಳಿಕೊಡುತ್ತಾರೆ. ಅವರು ಹೋಗಿ ಎಷ್ಟೋ ದಿನ ಆದರೂ "ಆ ಅಗ್ರಿ ಹುಡುಗಿ ನಂಬರ್ ಐತಿ, ಕೇಳೋಣ ತಡಿ" ಅನ್ನುವ ರೈತರನ್ನು ಕಂಡಿದ್ದೇನೆ. ಏಳು ದಿನದ ಶಿಬಿರಕ್ಕೆ ಬಂದವರ ನಂಬರ್ ಯಾರ ಬಳಿಯೂ ಇರುವುದಿಲ್ಲ.

ಹೊರಗಿನ ದೇಶದಲ್ಲೂ ಇದೇ ಪಾಠ. ‘ಸೇವಾ ಕಲಿಕೆ’ ಎಂಬ ಮಾತು ಹುಟ್ಟಿದ್ದೇ ಅಮೆರಿಕದಲ್ಲಿ. ಅಲ್ಲಿನ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ಸುತ್ತಮುತ್ತಲ ಸಣ್ಣ ಸಂಸ್ಥೆಗಳವರನ್ನು ಮಾತಾಡಿಸಿ ರ‍್ಯಾಂಡಿ ಸ್ಟೋಕರ್ ಮತ್ತು ಎಲಿಜಬೆತ್ ಟ್ರಯಾನ್ 2009ರಲ್ಲಿ ಒಂದು ಪುಸ್ತಕ ತಂದರು. ಅಲ್ಪಾವಧಿಗೆ ಬಂದು ಹೋಗುವ ವಿದ್ಯಾರ್ಥಿಗಳಿಂದ ಸಂಸ್ಥೆಗಳಿಗೆ ಲಾಭಕ್ಕಿಂತ ಹೊರೆಯೇ ಹೆಚ್ಚಾಗಬಹುದು, ಕಾಲೇಜಿನವರು ಸರಿಯಾಗಿ ಮಾತುಕತೆ ಇಟ್ಟುಕೊಳ್ಳುವುದಿಲ್ಲ ಎಂಬ ದೂರುಗಳು ಅದರಲ್ಲಿವೆ. ಅಲ್ಲಿಯೂ ಇದೇ ಗೋಳು.

ಅಲ್ಲಿ ಒಂದು ಒಳ್ಳೆಯ ಮಾದರಿಯೂ ಇದೆ. ಕೆಂಟಕಿ ರಾಜ್ಯದ ಬೆರಿಯಾ ಕಾಲೇಜಿನಲ್ಲಿ 1990ರಲ್ಲಿ ಬಾನರ್ ಎಂಬ ವಿದ್ಯಾರ್ಥಿವೇತನ ಶುರುವಾಯಿತು. ಬಡ ಮನೆಯ ಮಕ್ಕಳಿಗೆ ಓದಲು ಹಣ ಕೊಡುತ್ತಾರೆ, ಅವರು ವಾರಕ್ಕೆ ಸುಮಾರು 10 ಗಂಟೆ ಸಮುದಾಯದಲ್ಲಿ ಕೆಲಸ ಮಾಡಬೇಕು. ವರ್ಷ ಕಳೆದಂತೆ ಹಿರಿಯರಾದವರು ಸಂಸ್ಥೆಗೂ ಕಾಲೇಜಿಗೂ ನಡುವೆ ನಿಂತು ಕಿರಿಯರನ್ನು ನಡೆಸುತ್ತಾರೆ. ಗಮನಿಸಬೇಕಾದದ್ದು, ಈ ಕೊಂಡಿಯ ಕೆಲಸವನ್ನು ಅಲ್ಲಿ ಪುಕ್ಕಟೆ ಮಾಡಿಸುವುದಿಲ್ಲ.

ಹೌದು, ತೊಡಕುಗಳೂ ಇವೆ

ಮೊದಲ ತೊಡಕು ಖರ್ಚು. ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಓದುವವರು ಬಹುತೇಕ ಕೂಲಿ ಮಾಡುವವರ, ಸಣ್ಣ ರೈತರ ಮಕ್ಕಳು. ರಜೆಯಲ್ಲಿ ಅವರೂ ಕೆಲಸಕ್ಕೆ ಹೋಗುತ್ತಾರೆ. ಹುಡುಗಿಯರಿಗೆ ಶಕ್ತಿ ಯೋಜನೆಯಿಂದ ಬಸ್ಸು ಪುಕ್ಕಟೆ. ಹುಡುಗರ ಬಸ್ ಪಾಸ್ ಮನೆಯಿಂದ ಕಾಲೇಜಿನ ದಾರಿಗೆ ಮಾತ್ರ. ಬೇರೆ ಊರಿಗೆ ಹೋಗಿಬರಲು ಕೈಯಿಂದ ಹಾಕಬೇಕು, ಫೋನ್ ಕರೆನ್ಸಿಯೂ ಅವರದೇ. ಸುದ್ದಿಗೆ ಇಷ್ಟು ಅಂತ ಎಣಿಸಿ ದುಡ್ಡು ಪಡೆದು, ಬೈಕಿಗೆ ಪೆಟ್ರೋಲ್ ಕೈಯಿಂದ ಹಾಕಿಕೊಳ್ಳುವ ನನ್ನಂಥ ವರದಿಗಾರರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ನಡುವೆ ನಿಂತು ಕೆಲಸ ಮಾಡುವವರ ಖರ್ಚು ಯಾರಿಗೂ ಕಾಣುವುದಿಲ್ಲ. ಶಿಬಿರದ ಬ್ಯಾನರ್, ಹಾರ, ಶಾಲು, ಸ್ಮರಣಿಕೆಗೆ ಹಣ ಹೊಂದಿಸುವ ಕಾಲೇಜು ಇಬ್ಬರು ವಿದ್ಯಾರ್ಥಿಗಳ ಬಸ್ ಚಾರ್ಜು ಕೊಡಲಾರದೇ? ಹಣದ ಜೊತೆ ಗಂಟೆಯ ಲೆಕ್ಕವೂ ಸಿಗಬೇಕು. ಫೋನ್ ಮಾಡಿದ್ದು, ಸಭೆಗೆ ಹೋಗಿದ್ದು, ವರದಿ ಓದಿದ್ದು ಎಲ್ಲವೂ 120 ಗಂಟೆಯಲ್ಲಿ ಸೇರಲಿ.

ಎರಡನೆಯದು ಸುರಕ್ಷತೆ. ಹೆಣ್ಣುಮಗಳನ್ನು ಒಬ್ಬಳೇ ಬೇರೆ ಊರಿಗೆ ಕಳಿಸಲು ಮನೆಯವರು ಒಪ್ಪುವುದಿಲ್ಲ, ಅದು ಸಹಜ. ಅದಕ್ಕೇ ಜೋಡಿ ಬೇಕು ಅಂದದ್ದು. ಹಗಲು ಹೊತ್ತು, ಕೊನೆಯ ಬಸ್ಸಿಗೆ ಮೊದಲು ವಾಪಸ್, ಊರಲ್ಲಿ ಜವಾಬ್ದಾರಿ ಹೊತ್ತ ಒಬ್ಬ ಅಕ್ಕ ಅಥವಾ ಟೀಚರ್ ಇರಬೇಕು. ಹುಡುಗಿಯರನ್ನು ಈ ಕೆಲಸದಿಂದ ಬಿಟ್ಟರೆ ಊರಿನ ಅರ್ಧ ಜನರ ಮಾತು ಕಾಲೇಜಿಗೆ ಮುಟ್ಟುವುದೇ ಇಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಮಾತಾಡುವ ಅತ್ತೆ ಸೊಸೆಯರು ಹುಡುಗರ ಮುಂದೆ ಬಾಯಿ ಬಿಡುವುದಿಲ್ಲ.

ಮೂರನೆಯದು ಜಾತಿ. ಇದನ್ನು ಹೇಳದೆ ಬಿಟ್ಟರೆ ಉಳಿದದ್ದಕ್ಕೆ ಬೆಲೆ ಇಲ್ಲ. ಕಾಲೇಜಿನ ವಿದ್ಯಾರ್ಥಿಗಳೂ ನಮ್ಮಂಥ ಹಳ್ಳಿಗಳವರೇ, ಹಾಗಾಗಿ ಅದೇ ಊರಿನ ಅಥವಾ ಪಕ್ಕದೂರಿನವರನ್ನೇ ಕೊಂಡಿ ಮಾಡಬಹುದು. ಅದರಲ್ಲಿ ಲಾಭ ಇದೆ, ಅಪಾಯವೂ ಇದೆ. ಗೌಡರ ಓಣಿಯ ಹುಡುಗ ಗೌಡರ ಓಣಿಯಲ್ಲೇ ಸುತ್ತಿ "ಊರೆಲ್ಲ ಕೇಳಿದೆ ಸರ" ಅಂತ ಹೇಳಬಹುದು. ಶಿಬಿರದ ಸ್ವಚ್ಛತೆ ಊರ ಬಾಗಿಲಿನಿಂದ ಗುಡಿಯವರೆಗೆ ನಡೆದು, ದಲಿತ ಕೇರಿಗೆ, ತಾಂಡಾಕ್ಕೆ ಹೋಗುವ ಹೊತ್ತಿಗೆ ಬಿಸಿಲು ಏರಿರುತ್ತದೆ. ಜೋಡಿಯಲ್ಲಿ ಇಬ್ಬರೂ ಒಂದೇ ಓಣಿಯವರು ಇರಬಾರದು. ಮೊದಲ ಭೇಟಿಯಲ್ಲೇ ಕೇರಿಗೆ ಹೋಗಿ ಕೂತು ಬರಬೇಕು ಎಂಬುದು ನಿಯಮವಾಗಿ ಇರಲಿ.

ನಾಲ್ಕನೆಯದು, ಕೊಂಡಿ ಎಂದು ನೇಮಿಸಿ ಕಾಲೇಜಿನ ಜವಾನನ ಕೆಲಸ ಮಾಡಿಸುವುದು. ಕುರ್ಚಿ ಹೊಂದಿಸು, ಊಟಕ್ಕೆ ಹೇಳು, ಮುಖ್ಯ ಅತಿಥಿಯನ್ನು ಕರೆದುಕೊಂಡು ಬಾ. ಹಾಗಾದರೆ ಹೆಸರು ಮಾತ್ರ ಹೊಸದು. ಸಂಸ್ಥೆಯವರು ಅಥವಾ ಊರಿನವರು "ಈ ಕಾರ್ಯಕ್ರಮ ನಮಗೆ ಬೇಡ" ಅಂದರೆ ಅದನ್ನು ಪ್ರಾಂಶುಪಾಲರ ಮುಂದೆ ಹೆದರದೆ ಹೇಳುವ ಅವಕಾಶ ಆ ವಿದ್ಯಾರ್ಥಿಗೆ ಇರಬೇಕು. ಉಪನ್ಯಾಸಕರ ಜವಾಬ್ದಾರಿ ಇದರಿಂದ ತಪ್ಪುವುದೂ ಇಲ್ಲ. ಏನಾದರೂ ಎಡವಟ್ಟಾದರೆ ಉತ್ತರ ಕೊಡಬೇಕಾದವರು ಅವರೇ, ಇಪ್ಪತ್ತು ವರ್ಷದ ಹುಡುಗಿಯಲ್ಲ.

ನಾವು ಕೇಳಬಹುದಾದದ್ದು

ಇದನ್ನು ಓದುತ್ತಿರುವ ನೀವು ಬಹುಶಃ ಪ್ರಾಂಶುಪಾಲರಲ್ಲ. ಸಂಘದ ಸದಸ್ಯೆ ಇರಬಹುದು, ಪಂಚಾಯಿತಿ ಸದಸ್ಯರು ಇರಬಹುದು, ಕಾಲೇಜಿಗೆ ಹೋಗುವ ಮಗಳ ಅಪ್ಪ ಇರಬಹುದು, ಆ ಮಗಳೇ ಇರಬಹುದು. ನಿಮ್ಮ ಕೈಯಲ್ಲಿ ಏನೂ ಇಲ್ಲ ಅಂದುಕೊಳ್ಳಬೇಡಿ.

ಎನ್‌ಎಸ್‌ಎಸ್ ಕೈಪಿಡಿಯ ಪ್ರಕಾರ ಕಾಲೇಜಿನಲ್ಲಿ ಪ್ರಾಂಶುಪಾಲರ ಅಧ್ಯಕ್ಷತೆಯಲ್ಲಿ ಒಂದು ಸಲಹಾ ಸಮಿತಿ ಇರಬೇಕು. ದತ್ತು ಊರಿನ ಅಥವಾ ಸೇವಾ ಸಂಸ್ಥೆಯ ಪ್ರತಿನಿಧಿಗೆ ಅದರಲ್ಲಿ ಜಾಗ ಇದೆ. ವಿದ್ಯಾರ್ಥಿ ನಾಯಕರಿಗೂ ಜಾಗ ಇದೆ. ಅಂದರೆ ಕುರ್ಚಿ ಆಗಲೇ ಹಾಕಿದೆ, ಹೋಗಿ ಕೂರುವವರು ಬೇಕು. ನಿಮ್ಮೂರಿಗೆ ಕಾಲೇಜು ಬರುತ್ತಿದ್ದರೆ "ಆ ಸಮಿತಿಯಲ್ಲಿ ನಮ್ಮೂರಿನವರು ಯಾರಿದ್ದಾರೆ ಸರ್?" ಅಂತ ಕೇಳಿ. ಊರಿನ ದೊಡ್ಡವರ ಹೆಸರು ಬರೆದು ಮುಗಿಸಿದ್ದರೆ, ಮುಂದಿನ ವರ್ಷ ಸಂಘದ ಒಬ್ಬ ಅಕ್ಕನ ಹೆಸರು ಹಾಕಿಸಿ.

ಮುಂದಿನ ಸಲ ಶಿಬಿರಕ್ಕೆ ಶಾಲೆಯ ಕೋಣೆ ಕೇಳಿಕೊಂಡು ಬಂದಾಗ ಕೊಡುವ ಮೊದಲು ಪಂಚಾಯಿತಿ ಮೂರು ಮಾತು ಬರೆಸಿಕೊಳ್ಳಲಿ. ಒಂದು, ನಮ್ಮೂರಿನ ಕೊಂಡಿ ವಿದ್ಯಾರ್ಥಿಗಳು ಯಾರು, ಅವರ ಜೊತೆ ಹೊಣೆ ಹೊತ್ತ ಉಪನ್ಯಾಸಕರು ಯಾರು. ಎರಡು, ಬರೆದುಕೊಂಡು ಹೋದ ಮಾಹಿತಿಯ ಸಾರಾಂಶ ಯಾವ ತಾರೀಕಿಗೆ ಊರಿಗೆ ಬರುತ್ತದೆ. ಮೂರು, ಶಿಬಿರ ಮುಗಿದ ಮೇಲೆ ಮತ್ತೆ ಯಾವ ದಿನ ಬರುತ್ತಾರೆ. ಮನೆಗೆ ಬಂದವರು ಆಧಾರ್ ನಂಬರ್ ಅಥವಾ ಬ್ಯಾಂಕ್ ವಿವರ ಕೇಳಿದರೆ ಯಾಕೆ ಅಂತ ಕೇಳುವ ಹಕ್ಕು ನಿಮಗಿದೆ. ಉತ್ತರ ಸರಿ ಕಾಣದಿದ್ದರೆ ಕೊಡಬೇಡಿ.

ವಿದ್ಯಾರ್ಥಿಗಳಿಗೆ ಒಂದು ಮಾತು. ಶಿಬಿರದ ಸರ್ಟಿಫಿಕೇಟ್ ಫೈಲಿನಲ್ಲಿ ಇರುತ್ತದೆ, ಇರಲಿ. ಆದರೆ ಒಂದು ಸಭೆ ಕರೆಯುವುದು, ಪಿಡಿಒ ಹತ್ತಿರ ಮಾತಾಡುವುದು, ಜಗಳ ಆಡುತ್ತಿರುವ ಎರಡು ಓಣಿಯವರನ್ನು ಒಂದು ಕಡೆ ಕೂರಿಸುವುದು, ಕೇಳಿದ್ದನ್ನು ಎರಡು ಪುಟದಲ್ಲಿ ಬರೆಯುವುದು, ಇವನ್ನು ಎರಡು ವರ್ಷ ಮಾಡಿದವರು ಯಾವ ಕೆಲಸಕ್ಕೆ ಹೋದರೂ ಬದುಕುತ್ತಾರೆ. ನಿಮ್ಮ ಕಾಲೇಜಿನಲ್ಲಿ ಇಂಥ ವ್ಯವಸ್ಥೆ ಇಲ್ಲದಿದ್ದರೆ ಕಾಯಬೇಡಿ. ಕಳೆದ ಶಿಬಿರದ ಸಮೀಕ್ಷೆಯ ಹಾಳೆಗಳು ಎಲ್ಲಿವೆ ಅಂತ ನಿಮ್ಮ ಸರ್ ಅಥವಾ ಮೇಡಂ ಹತ್ತಿರ ಕೇಳಿ, ಒಬ್ಬ ಗೆಳತಿಯನ್ನೋ ಗೆಳೆಯನನ್ನೋ ಜೊತೆ ಮಾಡಿಕೊಳ್ಳಿ, ಅದರ ಸಾರಾಂಶ ಬರೆದುಕೊಂಡು ಆ ಊರಿನ ಬಸ್ಸು ಹತ್ತಿ.